ನಲ್ಲಿಯ ಗಡಸು ನೀರು: ಅಳೆಯುವುದು, ಹಂಚಿಕೊಳ್ಳುವುದು, ಮೆದು ಮಾಡುವುದು

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಊರುಗಳಲ್ಲಿ, ಬೆಂಗಳೂರಿನಲ್ಲೂ ಕಾವೇರಿ ಪೈಪು ಮುಟ್ಟದ ಹೊರವಲಯದ ಬಡಾವಣೆಗಳಲ್ಲಿ ನಲ್ಲಿಗೆ ಬರುವುದು ಹೆಚ್ಚಾಗಿ ಬೋರ್‌ವೆಲ್ ನೀರೇ. ಪುರಸಭೆಯವರು ಬಿಟ್ಟರೂ ಅದೇ, ಟ್ಯಾಂಕರ್‌ನವರು ತಂದರೂ ಅದೇ. ಗ್ರಾನೈಟ್ ಮತ್ತು ನೈಸ್ ಬಂಡೆಗಳ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕರಗಿಸಿಕೊಂಡು ಮೇಲೆ ಬರುವ ನೀರು ಅದು. ಕಲಬುರಗಿಯ ಶಹಾಬಾದ್, ಸೇಡಂ ಕಡೆ ನೆಲವೇ ಸುಣ್ಣದಕಲ್ಲಿನದು. ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದದ್ದೂ ಅದೇ ಕಲ್ಲಿಗಾಗಿ. ಅಲ್ಲಿನ ನೀರು ಗಡಸಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ಸೋಪು ನೊರೆ ಬರುವುದಿಲ್ಲ, ಬೇಳೆ ಬೇಯುವುದಿಲ್ಲ, ಗೀಸರ್ ಕಾಯಿಲ್ ಹೋಗುತ್ತದೆ, ಶವರ್ ತೂತು ಮುಚ್ಚುತ್ತದೆ, ಕರಿ ಗ್ರಾನೈಟ್ ಮೇಲೆ ಬಿಳಿ ಕಲೆ ನಿಲ್ಲುತ್ತದೆ. ಈ ಎಲ್ಲಕ್ಕೂ ಒಂದೇ ಯಂತ್ರ ತಂದು ಮನೆಯ ಅಷ್ಟೂ ನೀರನ್ನು ಮೆದು ಮಾಡಿಸಲು ಹೊರಡುವವರೇ ಹೆಚ್ಚು. ಹಣ ಪೋಲಾಗುವುದು ಅಲ್ಲಿಯೇ. ಕುಡಿಯುವ ನೀರು, ಕಾಯಿಸುವ ನೀರು, ಒಗೆಯುವ ನೀರು, ಗಿಡದ ನೀರು ಇವು ನಾಲ್ಕಕ್ಕೂ ಬೇರೆಬೇರೆ ಉಪಚಾರ ಬೇಕು. ಕೆಲವಕ್ಕೆ ಏನೂ ಬೇಡ.

ಎರಡು ಬಗೆಯ ಗಡಸು

ಬೈಕಾರ್ಬನೇಟ್ ರೂಪದ ಗಡಸು ಕುದಿಸಿದರೆ ಬೀಳುತ್ತದೆ. ಪಾತ್ರೆಯ ತಳದಲ್ಲಿ, ಹಳೆಯ ತಾಮ್ರದ ಹಂಡೆಯ ಒಳಗೆ ಹಕ್ಕಳೆಯಾಗಿ ಕಟ್ಟುವ ಬಿಳಿ ಪದರ ಇದೇ, ಅಂದರೆ ಕ್ಯಾಲ್ಸಿಯಂ ಕಾರ್ಬನೇಟ್. ಇದನ್ನು ತಾತ್ಕಾಲಿಕ ಗಡಸುತನ ಎನ್ನುತ್ತಾರೆ. ಸಲ್ಫೇಟ್ ಮತ್ತು ಕ್ಲೋರೈಡ್ ರೂಪದ್ದು ಎಷ್ಟು ಕುದಿಸಿದರೂ ಹೋಗದು. ಅದು ಶಾಶ್ವತ ಗಡಸುತನ. ಗೀಸರ್ ಹಾಳು ಮಾಡುವುದು ಮುಖ್ಯವಾಗಿ ಮೊದಲನೆಯದು. ಸೋಪು ತಿನ್ನುವುದು ಎರಡೂ.

ಆರೋಗ್ಯದ ಭಯ ಇಲ್ಲಿ ಅಳತೆ ಮೀರಿದೆ. ಗಡಸುತನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಆರೋಗ್ಯದ ಕಾರಣದಿಂದ ಯಾವ ಮಿತಿಯನ್ನೂ ಹಾಕಿಲ್ಲ. ಚರ್ಮ ಒಣಗುವುದು, ಕೂದಲು ಒರಟಾಗುವುದು ನಿಜ. ಬೋರ್ ನೀರಿನಲ್ಲಿ ನಿಜಕ್ಕೂ ಹೆದರಬೇಕಾದ್ದು ಗಡಸಿಗಲ್ಲ, ಅದರ ಜೊತೆ ಬರಬಹುದಾದ ಫ್ಲೋರೈಡ್ ಮತ್ತು ನೈಟ್ರೇಟ್‌ಗೆ. ಇವೆರಡಕ್ಕೂ ರುಚಿಯಿಲ್ಲ, ಬಣ್ಣವಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅವುಗಳ ಪ್ರಮಾಣ ಏರುತ್ತದೆ. ನೀರು ಮೆದು ಮಾಡುವ ಯಂತ್ರ, ಅಂದರೆ ಸಾಫ್ಟ್‌ನರ್, ಕೂಡ ಅವನ್ನು ತೆಗೆಯುವುದಿಲ್ಲ.

ಮೊದಲ ಕೆಲಸ: ಅಳತೆ

ಅಳೆಯದೆ ಏನನ್ನೂ ಕೊಳ್ಳಬೇಡಿ. ಟಿಡಿಎಸ್ ಮೀಟರ್ ಹಿಡಿದು ಬಂದವರು ತೋರಿಸುವ ಅಂಕಿ ಗಡಸುತನವಲ್ಲ. ಅದು ನೀರಿನಲ್ಲಿ ಕರಗಿರುವ ಎಲ್ಲ ಲವಣಗಳ ಅಂದಾಜು. ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಟಿಡಿಎಸ್ 800 ಇದ್ದು ಗಡಸು 250 ಇರುವ ನೀರೂ ಇದೆ, ಟಿಡಿಎಸ್ 700 ಇದ್ದು ಗಡಸು 500 ಇರುವ ನೀರೂ ಇದೆ. ಮೊದಲನೆಯದು ಬಾಯಿಗೆ ಉಪ್ಪು, ಎರಡನೆಯದು ಗೀಸರಿಗೆ ಶತ್ರು.

ಮೊದಲು ಖರ್ಚಿಲ್ಲದ ಪರೀಕ್ಷೆ. ಒಂದೇ ಅಳತೆಯ ಎರಡು ಪಾರದರ್ಶಕ ಬಾಟಲಿಗಳಲ್ಲಿ ಅರ್ಧದಷ್ಟು ನೀರು ತುಂಬಿ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಆರ್‌ಒ ಅಥವಾ ಮಳೆ ನೀರು. ಮೈಸೋಪನ್ನು ತುರಿದು ಕರಗಿಸಿದ ದ್ರಾವಣವನ್ನು ಎರಡಕ್ಕೂ ಹನಿಹನಿಯಾಗಿ ಹಾಕುತ್ತ ಕುಲುಕಿ. ನೊರೆ ನಿಲ್ಲಲು ಎಷ್ಟು ಹನಿ ಬೇಕಾಯಿತು ನೋಡಿ. ಪಾತ್ರೆ ತೊಳೆಯುವ ಲಿಕ್ವಿಡ್ ಬಳಸಿದರೆ ಪರೀಕ್ಷೆ ಕೆಡುತ್ತದೆ, ಡಿಟರ್ಜೆಂಟ್ ಗಡಸು ನೀರಿನಲ್ಲೂ ನೊರೆ ಕೊಡುತ್ತದೆ.

ಅಂಕಿ ಬೇಕಾದರೆ ಹನಿ ಎಣಿಸುವ ಕಿಟ್ ತನ್ನಿ. ಅಕ್ವೇರಿಯಂ ಅಂಗಡಿಗಳಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತದೆ. ಡಬ್ಬಿಯಲ್ಲಿ ಹೇಳಿದಷ್ಟು ನೀರು ತೆಗೆದುಕೊಂಡು, ಬಫರ್ ಮತ್ತು ಸೂಚಕ ಹಾಕಿದರೆ ನೀರು ನೇರಳೆಗೆಂಪಾಗುತ್ತದೆ. ಆಮೇಲೆ ಇಡಿಟಿಎ ದ್ರಾವಣವನ್ನು ಹನಿಹನಿಯಾಗಿ ಬಿಡುತ್ತ ಹೋಗಿ. ಬಣ್ಣ ಪೂರ್ತಿ ನೀಲಿಗೆ ತಿರುಗುವತನಕದ ಹನಿಗಳನ್ನು ಎಣಿಸಿ, ಡಬ್ಬಿಯ ಮೇಲಿನ ಗುಣಕದಿಂದ ಗುಣಿಸಿ. ಎಡವುವುದು ಕೊನೆಯಲ್ಲೇ: ನೀಲಿಯಲ್ಲಿ ನೇರಳೆ ಛಾಯೆ ಇನ್ನೂ ಉಳಿದಿದ್ದರೆ ಮುಗಿದಿಲ್ಲ ಎಂದರ್ಥ. ಬಿಳಿ ಹಾಳೆಯ ಮೇಲಿಟ್ಟು ನೋಡಿ.

ತಾತ್ಕಾಲಿಕ ಭಾಗ ಎಷ್ಟೆಂದು ತಿಳಿಯಲು ಒಂದು ಲೀಟರ್ ನೀರನ್ನು 15 ನಿಮಿಷ ಕೊತಕೊತ ಕುದಿಸಿ, ಆರಿಸಿ, ದಪ್ಪ ಬಟ್ಟೆಯಲ್ಲಿ ಸೋಸಿ. ಆವಿಯಾಗಿ ಹೋದಷ್ಟನ್ನು ಆರ್‌ಒ ನೀರಿನಿಂದ ತುಂಬಿ ಮತ್ತೆ ಒಂದು ಲೀಟರ್ ಮಾಡಿ, ಪುನಃ ಅಳೆಯಿರಿ. ಎರಡು ಅಂಕಿಗಳ ವ್ಯತ್ಯಾಸವೇ ತಾತ್ಕಾಲಿಕ ಗಡಸು.

ಕುಡಿಯಲು ಇದೇ ನೀರು ಬಳಸುವವರು ಒಮ್ಮೆಯಾದರೂ ಪ್ರಯೋಗಾಲಯಕ್ಕೆ ಕೊಡಬೇಕು. ಜಿಲ್ಲಾ ಕೇಂದ್ರಗಳಲ್ಲಿ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಿವೆ, ಖಾಸಗಿಯವೂ ಇವೆ. ನಲ್ಲಿಯನ್ನು ಐದು ನಿಮಿಷ ಹರಿಯಬಿಟ್ಟು, ಸ್ವಚ್ಛ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಅಲುಬಿ, ಗಾಳಿ ಉಳಿಯದಂತೆ ತುಂಬಿ. ವರದಿಯಲ್ಲಿ ಒಟ್ಟು ಗಡಸುತನ, ಕ್ಯಾಲ್ಸಿಯಂ, ಕ್ಷಾರೀಯತೆ, ಟಿಡಿಎಸ್, ಕಬ್ಬಿಣ, ಫ್ಲೋರೈಡ್, ನೈಟ್ರೇಟ್ ಇರಲೇಬೇಕೆಂದು ಮೊದಲೇ ಹೇಳಿ. ಭಾರತೀಯ ಮಾನಕ ಐಎಸ್ 10500ರ (2012) ಪ್ರಕಾರ ಒಟ್ಟು ಗಡಸು ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 600ರ ತನಕ ಒಪ್ಪಬಹುದು. ಫ್ಲೋರೈಡ್ 1 ಮಿಲಿಗ್ರಾಂ, ಬೇರೆ ದಾರಿಯಿಲ್ಲದಾಗ 1.5. ನೈಟ್ರೇಟ್ 45, ಅದಕ್ಕೆ ಸಡಿಲಿಕೆಯೇ ಇಲ್ಲ.

ಒಂದು ಸಲದ ಅಳತೆಯನ್ನು ನಂಬಿ ಕೂರಬೇಡಿ. ಅಂತರ್ಜಲ ಇಳಿದ ಏಪ್ರಿಲ್‌ನಲ್ಲಿ ಒಮ್ಮೆ, ಮಳೆಗಾಲ ಮುಗಿದ ನವೆಂಬರ್‌ನಲ್ಲಿ ಒಮ್ಮೆ ನೋಡಿ. ಟ್ಯಾಂಕರ್ ಬದಲಾದರೆ ಮತ್ತೆ ನೋಡಿ.

ನೀರಿನ ಹಂಚಿಕೆ

ಅಂಕಿ ಕೈಗೆ ಬಂದ ಮೇಲೆ ನಿರ್ಧಾರ ಸುಲಭ. ಗಡಸು 150ರ ಒಳಗಿದ್ದರೆ ಯಂತ್ರ ಬೇಡ, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಮತ್ತು ವೈಪರ್ ಸಾಕು. 150ರಿಂದ 300 ಇದ್ದರೆ ಗೀಸರ್ ಮತ್ತು ವಾಷಿಂಗ್ ಮೆಷಿನ್ ಕಡೆ ಗಮನ ಕೊಡಿ. 300 ದಾಟಿದರೆ ಸ್ನಾನ ಮತ್ತು ಬಟ್ಟೆಯ ಲೈನಿಗೆ ಸಾಫ್ಟ್‌ನರ್ ಹಾಕಿಸುವುದು ಲೆಕ್ಕಕ್ಕೆ ಸರಿಹೋಗುತ್ತದೆ. ಇವು ಕಾನೂನಿನ ಗೆರೆಗಳಲ್ಲ, ಮನೆಖರ್ಚು ತೂಗಿ ಹಾಕಿಕೊಂಡ ಗೆರೆಗಳು.

ಕಮೋಡ್ ಫ್ಲಶ್, ಅಂಗಳ ತೊಳೆಯುವುದು, ಗಿಡ ಇವುಗಳಿಗೆ ಬೋರ್ ನೀರು ಹಾಗೆಯೇ ಇರಲಿ. ಗಿಡಕ್ಕಂತೂ ಮೆದು ಮಾಡಿದ ನೀರೇ ಕೆಟ್ಟದ್ದು. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ, ಸೋಡಿಯಂ ಮಣ್ಣನ್ನು ಗಟ್ಟಿ ಮಾಡುತ್ತದೆ. ಕುಂಡದ ಮಲ್ಲಿಗೆಯ ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ, ನೀರಿನ ಕ್ಷಾರೀಯತೆಯಿಂದ ಬೇರಿಗೆ ಕಬ್ಬಿಣ ಸಿಗುತ್ತಿಲ್ಲ ಎಂದು ತಿಳಿಯಿರಿ. ಅದಕ್ಕೆ ಮಳೆ ನೀರೇ ಔಷಧಿ.

ಅಡುಗೆಮನೆ

ಬೇಳೆಯ ಕೋಶಗಳನ್ನು ಹಿಡಿದಿಟ್ಟಿರುವ ಪೆಕ್ಟಿನ್‌ಗೆ ಕ್ಯಾಲ್ಸಿಯಂ ಅಂಟಿಕೊಂಡರೆ ಅದು ಇನ್ನಷ್ಟು ಬಿಗಿಯಾಗುತ್ತದೆ. ಕುಕ್ಕರ್ ಎಂಟು ಸಲ ಕೂಗಿದರೂ ತೊಗರಿಬೇಳೆ ಕಾಳುಕಾಳಾಗಿ ಉಳಿಯುವುದು ಇದಕ್ಕೇ. ನೆನೆಸುವುದಕ್ಕೂ ಬೇಯಿಸುವುದಕ್ಕೂ ಆರ್‌ಒ ಅಥವಾ ಮಳೆ ನೀರು ಬಳಸಿ. ನೆನೆಸುವಾಗ ಬೋರ್ ನೀರು ಹಾಕಿ, ಬೇಯಿಸುವಾಗ ಮಾತ್ರ ಒಳ್ಳೆಯ ನೀರು ಹಾಕಿದರೆ ಅರ್ಧ ಲಾಭ ಹೋಯಿತು. ಹುರುಳಿ, ಕಡಲೆಯಂಥ ಗಟ್ಟಿ ಕಾಳಿಗೆ ಬೇರೆ ನೀರು ಇಲ್ಲವೇ ಇಲ್ಲವೆಂದರೆ ಚಿಟಿಕೆ ಅಡುಗೆ ಸೋಡಾ ಸಹಾಯ ಮಾಡುತ್ತದೆ. ಹೆಚ್ಚಾದರೆ ರುಚಿಯೂ ಬಿ ಜೀವಸತ್ವವೂ ಕೆಡುತ್ತವೆ. ಹುಣಸೆ, ಟೊಮೆಟೊ ಹಾಕುವುದು ಬೇಳೆ ಬೆಂದ ಮೇಲೆ.

ಇಡ್ಲಿ ಪಾತ್ರೆ, ಕುಕ್ಕರ್ ತಳದ ನೀರಿಗೆ ನೆಲ್ಲಿಕಾಯಿ ಗಾತ್ರದ ಹುಣಸೆ ಅಥವಾ ಹಿಂಡಿದ ನಿಂಬೆ ಸಿಪ್ಪೆ ಹಾಕಿದರೆ ಬಿಳಿ ಗೆರೆ ಕಟ್ಟುವುದಿಲ್ಲ, ಅಲ್ಯೂಮಿನಿಯಂ ಕಪ್ಪಾಗುವುದಿಲ್ಲ. ನಮ್ಮ ಮನೆಗಳಲ್ಲಿ ಹಿಂದಿನಿಂದ ನಡೆದುಬಂದ ಈ ಪದ್ಧತಿಯ ಹಿಂದೆ ಇರುವುದು ಆಮ್ಲವೇ.

ಆರ್‌ಒ ಯಂತ್ರಕ್ಕೆ ಗಡಸು ನೀರು ನೇರವಾಗಿ ಕೊಟ್ಟರೆ ಅದರ ಸೋಸುವ ಪೊರೆಯಾದ ಮೆಂಬರೇನ್ ಮೇಲೆ ಸುಣ್ಣ ಕಟ್ಟಿ, ಬರುವ ನೀರು ಕಡಿಮೆಯಾಗಿ ಹೊರಗೆ ಹೋಗುವುದು ಹೆಚ್ಚಾಗುತ್ತದೆ. ಪೋಲಾಗುವ ನೀರನ್ನು ಕಡಿಮೆ ಮಾಡಲೆಂದು ಹೊರಹರಿವಿನ ರಿಸ್ಟ್ರಿಕ್ಟರ್ ಬಿಗಿ ಮಾಡಿಸಿದವರ ಮೆಂಬರೇನ್ ಇನ್ನೂ ಬೇಗ ಹೋಗುತ್ತದೆ. ಸುಣ್ಣ ಕಟ್ಟದಂತೆ ತಡೆಯುವ ಆಂಟಿಸ್ಕೇಲೆಂಟ್ ಕಾರ್ಟ್ರಿಜ್ ಹಾಕಿಸಿ, ಅಥವಾ ಸಾಫ್ಟ್‌ನರ್ ಇದ್ದರೆ ಅದರ ಲೈನಿನಿಂದಲೇ ಆರ್‌ಒಗೆ ಕೊಡಿ. ಸೇರಿದ ಸೋಡಿಯಂನ ಬಹುಭಾಗವನ್ನು ಮೆಂಬರೇನ್ ತಡೆಯುತ್ತದೆ. ಆದರೆ ಸಾಫ್ಟ್‌ನರ್ ನೀರನ್ನು ಆರ್‌ಒ ಇಲ್ಲದೆ ನೇರ ಕುಡಿಯುವುದು ಬೇಡ. 500 ಗಡಸಿನ ನೀರು ಮೆದುವಾದಾಗ ಲೀಟರಿಗೆ ಸುಮಾರು 230 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರಿರುತ್ತದೆ. ಬಿಪಿ ಇದ್ದವರಿಗೆ, ಕಿಡ್ನಿ ತೊಂದರೆಯವರಿಗೆ ಇದು ಸಲ್ಲದು.

ಆರ್‌ಒ ಹೊರಬಿಡುವ ನೀರಿನಲ್ಲಿ ಗಡಸು ಮೂಲಕ್ಕಿಂತ ಹೆಚ್ಚು. ಮೂರರಲ್ಲಿ ಒಂದು ಭಾಗ ಶುದ್ಧವಾಗಿ ಬಂದರೆ ಉಳಿದ ಎರಡು ಭಾಗ ಒಂದೂವರೆ ಪಟ್ಟು ಗಡಸಾಗಿರುತ್ತದೆ. ಕಮೋಡಿಗೆ ಸುರಿಯಿರಿ, ನೆಲ ಒರೆಸಬೇಡಿ.

ನಲ್ಲಿ, ಶವರ್, ಟೈಲ್ಸ್

ಇಲ್ಲಿ ಮುಖ್ಯ ಸಾಮಗ್ರಿ ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಕೇಳಿದರೆ ಕೊಡುವ ಸಿಟ್ರಿಕ್ ಆಮ್ಲ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 50 ಗ್ರಾಂ ಸಾಕು. ಕುದಿಯುವ ನೀರು ಹಾಕಿದರೆ ಬೇಗ ಕೆಲಸ ಮಾಡುತ್ತದೆಂದು ಹಲವರು ತಿಳಿದಿದ್ದಾರೆ, ಆಗುವುದು ತಿರುಗುಮುರುಗು. ಬಿಸಿ ಹೆಚ್ಚಾದರೆ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಕರಗದ ಬಿಳಿ ಪುಡಿ ಬಿದ್ದು ಸುಣ್ಣದ ಮೇಲೆ ಇನ್ನೊಂದು ಪದರ ಕೂರುತ್ತದೆ. ದ್ರಾವಣ ಗುಳ್ಳೆ ಬಿಡುವುದು ನಿಂತಿತೆಂದರೆ ಅದರ ಶಕ್ತಿ ಮುಗಿಯಿತು. ಚೆಲ್ಲಿ ಹೊಸದು ಮಾಡಿಕೊಳ್ಳಿ. ನೂರು ಗ್ರಾಂ ನಿಂಬೆ ಉಪ್ಪು ಲೆಕ್ಕದಲ್ಲಿ ಹೆಚ್ಚೆಂದರೆ 70 ಗ್ರಾಂ ಸುಣ್ಣ ಕರಗಿಸಬಲ್ಲದು.

ನಲ್ಲಿ ತುದಿಯ ಜಾಲರಿಯನ್ನು ಬಟ್ಟೆ ಸುತ್ತಿದ ಇಕ್ಕಳದಿಂದ ತಿರುಗಿಸಿ ತೆಗೆಯಿರಿ, ದ್ರಾವಣದಲ್ಲಿ ಅರ್ಧ ಗಂಟೆ ಇಟ್ಟು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಶವರ್ ಬಿಚ್ಚಲಾಗದಿದ್ದರೆ ದ್ರಾವಣ ತುಂಬಿದ ಪ್ಲಾಸ್ಟಿಕ್ ಕವರನ್ನು ಅದರ ತಲೆಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಒಂದು ಗಂಟೆ ಮೀರಬೇಡಿ, ರಾತ್ರಿಯಿಡೀ ಬಿಟ್ಟರೆ ಕ್ರೋಮ್ ಮಂಕಾಗುತ್ತದೆ.

ಅಂಗಡಿಯ ಬಾತ್‌ರೂಮ್ ಆಸಿಡ್ ಬಹುತೇಕ ಹೈಡ್ರೋಕ್ಲೋರಿಕ್ ಆಮ್ಲ. ಅದು ಸುಣ್ಣವನ್ನು ಕ್ಷಣದಲ್ಲಿ ತಿನ್ನುತ್ತದೆ, ಜೊತೆಗೆ ಸ್ಟೀಲ್ ಸಿಂಕನ್ನು, ಕ್ರೋಮ್ ನಲ್ಲಿಯನ್ನು, ಟೈಲ್ಸ್ ನಡುವಿನ ಸಿಮೆಂಟನ್ನೂ ತಿನ್ನುತ್ತದೆ. ಬ್ಲೀಚಿಂಗ್ ಪೌಡರ್ ಹಾಕಿದ ಕಡೆ ಯಾವ ಆಮ್ಲವನ್ನೂ, ನಿಂಬೆ ಉಪ್ಪನ್ನೂ, ಸುರಿಯಬಾರದು. ಕ್ಲೋರಿನ್ ಅನಿಲ ಏಳುತ್ತದೆ, ಕಿಟಕಿ ಇಲ್ಲದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಬರಬಹುದು. ಇನ್ನೊಂದು ಎಚ್ಚರ: ಶಹಾಬಾದ್ ಕಲ್ಲು, ಕಡಪ ಕಲ್ಲು, ಮಾರ್ಬಲ್, ಮೊಸಾಯಿಕ್ ನೆಲದ ಮೇಲೆ ನಿಂಬೆ ಉಪ್ಪೂ ಬೇಡ. ಆ ಕಲ್ಲುಗಳೇ ಸುಣ್ಣ. ಕಲೆ ಹೋಗುವ ಬದಲು ನೆಲದ ಹೊಳಪೇ ಹೋಗುತ್ತದೆ. ಅಂಥ ನೆಲಕ್ಕೆ ಉಪಾಯ ಒಂದೇ, ನೀರು ನಿಂತು ಒಣಗಲು ಬಿಡದೆ ಸ್ನಾನವಾದ ಕೂಡಲೇ ವೈಪರ್ ಎಳೆಯುವುದು.

ಕಮೋಡಿನ ಕಂದು ಗೆರೆಗೆ ಒಳಗಿನ ನೀರನ್ನು ಮಗ್ಗಿನಿಂದ ತೋಡಿ ತೆಗೆದು, 100 ಗ್ರಾಂ ನಿಂಬೆ ಉಪ್ಪನ್ನು ಅರ್ಧ ಲೀಟರ್ ನೀರಿನಲ್ಲಿ ಕರಗಿಸಿ ಸುರಿದು ರಾತ್ರಿ ಬಿಡಿ. ನೀರು ತೋಡದೆ ಹಾಕಿದರೆ ದ್ರಾವಣ ತೆಳುವಾಗಿ ಏನೂ ಆಗುವುದಿಲ್ಲ.

ಗೀಸರ್ ಮತ್ತು ಸೋಲಾರ್

ನೀರು ಬಿಸಿಯಾದಷ್ಟೂ ಸುಣ್ಣ ಬೀಳುವುದು ಹೆಚ್ಚು, 60 ಡಿಗ್ರಿ ದಾಟಿದರೆ ಬಹಳ ಬೇಗ. ಕಾಯಿಲ್ ಸುತ್ತ ಪದರ ಕಟ್ಟಿದ ಮೇಲೆ ಶಾಖ ನೀರಿಗೆ ದಾಟದೆ ಕಾಯಿಲ್ ಒಳಗೇ ಉಳಿದು ಅದು ಸುಟ್ಟುಹೋಗುತ್ತದೆ. ಮೊದಲ ಲಕ್ಷಣ ಶಬ್ದ: ಗೀಸರ್ ಒಳಗೆ ಚಟಪಟ, ಗೊರಗೊರ. ಆಮೇಲೆ ನೀರು ಕಾಯಲು ತಡ. ಕೊನೆಗೆ ಎಂಸಿಬಿ ಬೀಳುವುದು.

ಖರ್ಚಿಲ್ಲದ ಉಪಾಯ ಥರ್ಮೋಸ್ಟಾಟನ್ನು 50-55 ಡಿಗ್ರಿಗೆ ಇಳಿಸುವುದು. 70ಕ್ಕೆ ಕಾಯಿಸಿ ತಣ್ಣೀರು ಬೆರೆಸುವುದರಿಂದ ಗಡಸು ನೀರಿನ ಊರಿನಲ್ಲಿ ಗೀಸರಿನ ಆಯುಸ್ಸು ಕರಗುತ್ತದೆ.

300 ಮೀರಿದ ನೀರಿದ್ದರೆ ವರ್ಷಕ್ಕೊಮ್ಮೆ ಗೀಸರ್ ಬಿಚ್ಚಿಸಿ ತೊಳೆಸಬೇಕು. ವಾರಂಟಿ ಇದ್ದರೆ ಕಂಪನಿಯವರಿಂದಲೇ ಮಾಡಿಸಿ. ವಾರಂಟಿ ಮುಗಿದ 15-25 ಲೀಟರ್ ಗೀಸರನ್ನು ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಎದುರಿಗಿದ್ದು ಹೀಗೆ ಮಾಡಿಸಬಹುದು:

1. ಸ್ವಿಚ್ ಅಲ್ಲ, ಎಂಸಿಬಿ ಆಫ್ ಮಾಡಿ. ನೀರು ಪೂರ್ತಿ ತಣ್ಣಗಾಗಲಿ.
2. ಒಳಬರುವ ವಾಲ್ವ್ ಮುಚ್ಚಿ, ಬಿಸಿನೀರಿನ ನಲ್ಲಿ ತೆರೆದಿಟ್ಟು, ಒಳಹರಿವಿನ ಪೈಪು ಬಿಚ್ಚಿ ಟ್ಯಾಂಕ್ ಖಾಲಿ ಮಾಡಿ. ಗಾಳಿ ಹೋಗಲು ನಲ್ಲಿ ತೆರೆದಿರದಿದ್ದರೆ ನೀರು ಇಳಿಯದು.
3. ತಳದ ಮುಚ್ಚಳ ತೆಗೆದು ವೈರುಗಳ ಫೋಟೋ ತೆಗೆದಿಟ್ಟುಕೊಳ್ಳಿ. ಟೆಸ್ಟರ್ ಹಿಡಿದು ಕರೆಂಟ್ ಇಲ್ಲವೆಂದು ಖಚಿತ ಮಾಡಿಕೊಂಡ ಮೇಲೆ ವೈರು ಬಿಚ್ಚಿ.
4. ಕಾಯಿಲ್ ಕೂರಿಸಿದ ತಟ್ಟೆಯ (ಫ್ಲಾಂಜ್) ನಟ್ಟುಗಳನ್ನು ಎದುರುಬದುರಾಗಿ ಸಡಿಲಿಸಿ ಕಾಯಿಲನ್ನು ಇಳಿಸಿ. ಹಕ್ಕಳೆಯ ರಾಶಿಯೇ ಬೀಳಬಹುದು, ಕೆಳಗೆ ಬಕೆಟ್ ಇರಲಿ.
5. ಕಾಯಿಲ್ ಪಕ್ಕದ, ಟ್ಯಾಂಕ್ ತುಕ್ಕು ಹಿಡಿಯದಂತೆ ಕಾಯುವ ಆನೋಡ್ ಕಡ್ಡಿಯನ್ನು ತೆಗೆದು ಬೇರೆ ಇಡಿ. ಅದು ಮೆಗ್ನೀಸಿಯಂ, ಆಮ್ಲಕ್ಕೆ ಹಾಕಿದರೆ ಕರಗಿಹೋಗುತ್ತದೆ. ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಹೊಸದು ಹಾಕಿ.
6. ಕಾಯಿಲನ್ನು ಟರ್ಮಿನಲ್ ನೆನೆಯದಂತೆ ನಿಂಬೆ ಉಪ್ಪಿನ ದ್ರಾವಣದಲ್ಲಿ ಒಂದೆರಡು ಗಂಟೆ ಇಟ್ಟು ತೊಳೆಯಿರಿ. ಸ್ಕ್ರೂಡ್ರೈವರ್‌ನಿಂದ ಕೆತ್ತಬೇಡಿ.
7. ಟ್ಯಾಂಕಿನ ಒಳಗಿನ ಚೂರುಗಳನ್ನು ಕೈಯಿಂದಲೇ ತೆಗೆದು ನೀರು ಬಿಟ್ಟು ತೊಳೆಯಿರಿ. ಒಳಗೋಡೆಗೆ ಗಾಜಿನ ಲೇಪನವಿದ್ದರೆ ಲೋಹ ತಾಗಿಸಿದರೆ ಲೇಪನ ಬಿರಿಯುತ್ತದೆ, ಆಮೇಲೆ ಟ್ಯಾಂಕ್ ತುಕ್ಕು ಹಿಡಿದು ಸೋರುತ್ತದೆ.
8. ಗ್ಯಾಸ್ಕೆಟ್ ಹೊಸದೇ ಹಾಕಿ. ಹಳೆಯದನ್ನೇ ಕೂರಿಸಿ ಸೋರಿಕೆ ಬಂದರೆ ಮತ್ತೆ ಎಲ್ಲ ಬಿಚ್ಚಬೇಕು.
9. ಜೋಡಿಸಿ ನೀರು ತುಂಬಿ, ಬಿಸಿನೀರಿನ ನಲ್ಲಿಯಲ್ಲಿ ನೀರು ಸರಾಗವಾಗಿ ಬಂದ ಮೇಲಷ್ಟೇ ಎಂಸಿಬಿ ಹಾಕಿ. ಖಾಲಿ ಟ್ಯಾಂಕಿನಲ್ಲಿ ಕರೆಂಟ್ ಕೊಟ್ಟರೆ ಕಾಯಿಲ್ ನಿಮಿಷದಲ್ಲಿ ಸುಡುತ್ತದೆ.

ಒತ್ತಡ ಬಿಡುವ ಸೇಫ್ಟಿ ವಾಲ್ವ್ ಸುಣ್ಣದಿಂದ ಅಂಟಿಕೊಳ್ಳುತ್ತದೆ. ಥರ್ಮೋಸ್ಟಾಟೂ ಅದೇ ಹೊತ್ತಿಗೆ ಕೈಕೊಟ್ಟರೆ ಗೀಸರ್ ಸಿಡಿಯುವ ಅಪಾಯವಿದೆ. ಲಿವರ್ ಇರುವ ವಾಲ್ವನ್ನು ತಿಂಗಳಿಗೊಮ್ಮೆ, ನೀರು ತಣ್ಣಗಿರುವಾಗ, ಎತ್ತಿ ಬಿಡಿ. ನೀರು ಬರಬೇಕು, ಬಿಟ್ಟಾಗ ನಿಲ್ಲಬೇಕು. ಬರದಿದ್ದರೆ ವಾಲ್ವನ್ನೇ ಬದಲಿಸಿ.

ಸೋಲಾರ್ ಹಾಕಿಸುವವರು ಕೊಳ್ಳುವ ಮುನ್ನವೇ ಯೋಚಿಸಬೇಕು. ಚಪ್ಪಟೆ ಪ್ಯಾನೆಲ್ಲಿನ ಒಳಗಿನ ತಾಮ್ರದ ಕೊಳವೆಗಳು ಸಣ್ಣವು, ಗಡಸು ನೀರಿನಲ್ಲಿ ಮುಚ್ಚಿಹೋಗುತ್ತವೆ. ಗಾಜಿನ ಟ್ಯೂಬಿನ ಮಾದರಿಯೇ ಮೇಲು. ಅದರಲ್ಲೂ ಟ್ಯೂಬಿನ ತಳದಲ್ಲಿ ಸುಣ್ಣದ ಕೆಸರು ನಿಲ್ಲುತ್ತದೆ, ವರ್ಷಕ್ಕೊಮ್ಮೆ ತೆಗೆಸಬೇಕು. ಈ ಕೆಲಸ ಬೆಳಗಿನ ಜಾವ ನಡೆಯಲಿ. ಬಿಸಿಲಿಗೆ ಕಾದ ಖಾಲಿ ಟ್ಯೂಬಿಗೆ ತಣ್ಣೀರು ಬಿದ್ದರೆ ಗಾಜು ಒಡೆಯುತ್ತದೆ. ಚಪ್ಪಟೆ ಪ್ಯಾನೆಲ್ಲೇ ಇದ್ದರೆ ಮೆದು ನೀರಿನ ಲೈನ್ ಕೊಡಿ, ಅಥವಾ ಹೀಟ್ ಎಕ್ಸ್‌ಚೇಂಜರ್ ಇರುವ ಮಾದರಿ ಕೇಳಿ.

ಬಟ್ಟೆ ಮತ್ತು ಸ್ನಾನ

300 ಗಡಸಿನ ನೀರಿನಲ್ಲಿ ಗಡಸೆಲ್ಲ ಮುಗಿದು ನಿಜವಾದ ನೊರೆ ಏಳಬೇಕಾದರೆ ಲೀಟರಿಗೆ ಸುಮಾರು 1.8 ಗ್ರಾಂ ಸೋಪು ಬರೀ ಜಿಡ್ಡಾಗಿ ಹೋಗಬೇಕು. ಹದಿನೈದು ಲೀಟರ್ ಬಕೆಟಿಗೆ 27 ಗ್ರಾಂ. ಮೈಗೆ, ಬಕೆಟ್ ಅಂಚಿಗೆ, ಕಾಲರಿಗೆ ಅಂಟುವ ಬೂದು ಜಿಡ್ಡು ಇದೇ. ಅದಕ್ಕೇ ಗಡಸು ನೀರಿಗೆ ಬಾರ್ ಸೋಪಿಗಿಂತ ಡಿಟರ್ಜೆಂಟ್ ಪೌಡರ್ ಅಥವಾ ಲಿಕ್ವಿಡ್ ಒಳ್ಳೆಯದು. ಸೀಗೇಕಾಯಿ, ಅಂಟುವಾಳದ ನೊರೆ ಕ್ಯಾಲ್ಸಿಯಂಗೆ ಸಿಕ್ಕಿ ಜಿಡ್ಡಾಗುವುದಿಲ್ಲ, ತಲೆಗೆ ಅದೇ ಸಲೀಸು. ಸ್ನಾನದ ಕೊನೆಯ ಎರಡು ಮಗ್ಗು ಮಳೆ ನೀರೋ ಆರ್‌ಒ ನೀರೋ ಆದರೆ ಕೂದಲಿನ ಒರಟು ಎಷ್ಟೋ ಕಡಿಮೆಯಾಗುತ್ತದೆ.

ಒಗೆಯುವ ನೀರಿಗೆ ವಾಷಿಂಗ್ ಸೋಡಾ ಹಾಕಬಹುದು. 50 ಲೀಟರ್ ನೀರಿಗೆ ಪ್ರತಿ 100 ಗಡಸಿಗೆ ಒಣ ಪುಡಿಯಾದರೆ ಐದೂವರೆ ಗ್ರಾಂ, ಹರಳು ರೂಪದ್ದಾದರೆ 14-15 ಗ್ರಾಂ, ಏಕೆಂದರೆ ಹರಳಿನ ತೂಕದಲ್ಲಿ ಅರ್ಧಕ್ಕೂ ಹೆಚ್ಚು ನೀರೇ. ಮೊದಲು ಸೋಡಾ ಕರಗಿಸಿ, ಸ್ವಲ್ಪ ಹೊತ್ತು ಬಿಟ್ಟು ಸುಣ್ಣ ತಳಕ್ಕಿಳಿದ ಮೇಲೆ ತಿಳಿ ನೀರಿಗೆ ಸೋಪು ಹಾಕಿ. ಮೆಷಿನ್ನಿನಲ್ಲಿ ಹಾಗೆ ತಿಳಿಯಾಗಲು ಅವಕಾಶವಿಲ್ಲ, ಸುಣ್ಣ ಬಟ್ಟೆಯಲ್ಲೇ ಕೂರುತ್ತದೆ. ಆದ್ದರಿಂದ ಇದು ಕೈಯಲ್ಲಿ ಒಗೆಯುವವರಿಗೆ. ರೇಷ್ಮೆ, ಉಣ್ಣೆಗೆ ಬೇಡ.

ಮೆಷಿನ್ನಿಗೆ ಎರಡು ತಿಂಗಳಿಗೊಮ್ಮೆ ಬಟ್ಟೆಯಿಲ್ಲದೆ, 40 ಡಿಗ್ರಿಯಲ್ಲಿ 100 ಗ್ರಾಂ ನಿಂಬೆ ಉಪ್ಪು ಹಾಕಿ ಓಡಿಸಿ, ಆಮೇಲೆ ಒಂದು ಸಲ ಬರೀ ನೀರು. ನೀರು ಒಳಬರುವ ಪೈಪಿನ ತುದಿಯ ಸಣ್ಣ ಜಾಲರಿಯನ್ನೂ ತೊಳೆಯಿರಿ, ನೀರು ತುಂಬುತ್ತಿಲ್ಲವೆಂಬ ದೂರಿಗೆ ಎಷ್ಟೋ ಸಲ ಅದೇ ಕಾರಣ.

ಸಾಫ್ಟ್‌ನರ್: ಲೆಕ್ಕ, ಜಾಗ, ಉಪ್ಪು

ಸಾಫ್ಟ್‌ನರ್ ಒಳಗೆ ರೆಸಿನ್ ಎಂಬ ಸಾಸಿವೆಗಿಂತ ಸಣ್ಣ ಹಳದಿ ಮಣಿಗಳಿರುತ್ತವೆ. ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ತುಂಬಿದ ಮೇಲೆ ಉಪ್ಪುನೀರಿನಿಂದ ತೊಳೆದರೆ ಮತ್ತೆ ಸಿದ್ಧ. ಮಾರುವವರ ಮಾತು ಕೇಳುವ ಮೊದಲು ಈ ಲೆಕ್ಕ ಮಾಡಿ.

ಒಂದು ಲೀಟರ್ ರೆಸಿನ್ ಒಂದು ಸುತ್ತಿನಲ್ಲಿ ಹಿಡಿಯುವುದು ಸುಮಾರು 50 ಗ್ರಾಂ ಗಡಸು. 25 ಲೀಟರ್ ರೆಸಿನ್ ಎಂದರೆ 1250 ಗ್ರಾಂ. ನಿಮ್ಮ ನೀರು 500 ಇದ್ದರೆ ಲೀಟರಿಗೆ ಅರ್ಧ ಗ್ರಾಂ, ಹಾಗಾಗಿ 2500 ಲೀಟರಿಗೊಮ್ಮೆ ಉಪ್ಪು ಕೊಡಬೇಕು. ನಾಲ್ಕು ಜನರ ಸ್ನಾನ ಮತ್ತು ಬಟ್ಟೆಗೆ ದಿನಕ್ಕೆ 300 ಲೀಟರ್ ಹಿಡಿದರೆ ಎಂಟು ದಿನಕ್ಕೊಮ್ಮೆ. ಒಂದು ಸಲಕ್ಕೆ ಉಪ್ಪು ಲೀಟರ್ ರೆಸಿನ್ನಿಗೆ 150 ಗ್ರಾಂನಂತೆ 3.75 ಕಿಲೋ. ಇಡೀ ಮನೆಯ ನೀರಿಗೆ ಹಾಕಿಸಿದರೆ ಉಪ್ಪಿನ ಖರ್ಚೂ, ಹೊರಹೋಗುವ ಉಪ್ಪುನೀರೂ ಹೆಚ್ಚುಕಡಿಮೆ ಇಮ್ಮಡಿ.

ಇದೇ ಲೆಕ್ಕವನ್ನು ನಲ್ಲಿಗೆ ಸಿಕ್ಕಿಸುವ ಪುಟ್ಟ ಫಿಲ್ಟರಿಗೆ ಹಾಕಿ ನೋಡಿ. ಅದರಲ್ಲಿ ಒಂದು ಲೀಟರ್ ರೆಸಿನ್ ಇದೆ ಎಂದೇ ಇಟ್ಟುಕೊಳ್ಳೋಣ. 500 ಗಡಸಿನ ನೀರನ್ನು ಅದು ನೂರು ಲೀಟರ್ ಮೆದು ಮಾಡಿ ಸುಮ್ಮನಾಗುತ್ತದೆ, ಅಂದರೆ ಆರೇಳು ಬಕೆಟ್. ಆರು ತಿಂಗಳು ಬರುತ್ತದೆ ಎಂಬ ಜಾಹೀರಾತನ್ನು ಈ ಅಂಕಿಯ ಪಕ್ಕ ಇಟ್ಟು ಓದಿ.

ಎಲ್ಲಿ ಕೂರಿಸಬೇಕು ಎಂಬಲ್ಲಿ ಹೆಚ್ಚು ತಪ್ಪಾಗುತ್ತದೆ. ಸ್ವಯಂಚಾಲಿತ ವಾಲ್ವಿಗೆ ಉಪ್ಪುನೀರು ಹೀರಲು ಸಾಮಾನ್ಯವಾಗಿ ಒಂದೂವರೆ-ಎರಡು ಬಾರ್ ಒತ್ತಡ ಬೇಕು. ಮೇಲಿನ ಟ್ಯಾಂಕಿನಿಂದ ಇಳಿಯುವ ನೀರಿಗೆ ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಅಷ್ಟೇ. ಒಂದು ಮಹಡಿಯ ಮನೆಯಲ್ಲಿ ಅರ್ಧ ಬಾರ್ ಸಿಕ್ಕರೆ ಹೆಚ್ಚು. ಹಾಗಾಗಿ ದಾರಿ ಎರಡು.

ಒಂದು, ಸಂಪಿನ ಮೋಟರ್ ಮತ್ತು ಮೇಲಿನ ಟ್ಯಾಂಕಿನ ನಡುವೆ. ಒತ್ತಡ ಸಿಗುತ್ತದೆ, ಆದರೆ ವೇಗ ಮಿತಿ ಮೀರುತ್ತದೆ. ರೆಸಿನ್ನಿನ ಗಾತ್ರದ 40 ಪಟ್ಟಿಗಿಂತ ಹೆಚ್ಚು ನೀರು ಗಂಟೆಗೆ ಹರಿಯಬಾರದು. 25 ಲೀಟರಿಗೆ ಗಂಟೆಗೆ 1000, ನಿಮಿಷಕ್ಕೆ 16 ಲೀಟರ್. ಮೇಲಿನ ಟ್ಯಾಂಕಿಗೆ ಬೀಳುವ ನೀರಿಗೆ 20 ಲೀಟರ್ ಬಕೆಟ್ ಹಿಡಿದು ಮೋಟರಿನ ವೇಗ ಅಳೆಯಿರಿ. ಅರ್ಧ ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 40 ಲೀಟರ್, ಅದಕ್ಕೆ 60 ಲೀಟರ್ ರೆಸಿನ್ ಬೇಕು. ಸಣ್ಣದನ್ನೇ ಹಾಕಿದರೆ ಗಡಸು ಪೂರ್ತಿ ಹಿಡಿಯದೆ ಜಾರಿಹೋಗುತ್ತದೆ. ಇಲ್ಲಿ ಇನ್ನೊಂದು ಕುಣಿಕೆ ಇದೆ. ವಾಲ್ವನ್ನು ರಾತ್ರಿ ಎರಡಕ್ಕೆ ತೊಳೆದುಕೊಳ್ಳುವಂತೆ ಹೊಂದಿಸಿ ಹೋಗುತ್ತಾರೆ. ಆಗ ಮೋಟರ್ ಓಡುತ್ತಿರುವುದಿಲ್ಲ, ಒತ್ತಡವಿಲ್ಲ, ಉಪ್ಪುನೀರು ಹೀರುವುದೇ ಇಲ್ಲ. ಉಪ್ಪಿನ ಡಬ್ಬ ತಿಂಗಳಾದರೂ ಇಳಿಯದೆ ಹಾಗೇ ಇದ್ದರೆ ಕಾರಣ ಇದೇ ಇರಬಹುದು. ಮೋಟರ್ ಹಾಕುವ ಹೊತ್ತಿಗೆ ಸಮಯ ಬದಲಿಸಿ, ಇಲ್ಲವೆ ಕೈಯಿಂದ ಚಾಲೂ ಮಾಡಿ.

ಎರಡು, ಮೇಲಿನ ಟ್ಯಾಂಕಿನ ಕೆಳಗೆ ಪ್ರೆಶರ್ ಪಂಪ್ ಇಟ್ಟು ಆಮೇಲೆ ಸಾಫ್ಟ್‌ನರ್. ಬಚ್ಚಲು ಮತ್ತು ಮೆಷಿನ್ ಲೈನ್ ಮಾತ್ರ ಇದರಿಂದ ಹೊರಡಲಿ, ಕಮೋಡ್ ಮತ್ತು ತೋಟದ್ದು ಟ್ಯಾಂಕಿನಿಂದ ನೇರ. ಹೊಸ ಮನೆ ಕಟ್ಟುವವರು ಪ್ಲಂಬಿಂಗ್ ಹಂತದಲ್ಲೇ ಎರಡು ಲೈನ್ ಎಳೆಸಿದರೆ ಆಮೇಲೆ ಟೈಲ್ಸ್ ಒಡೆಯುವುದು ತಪ್ಪುತ್ತದೆ. ಮೂರು ವಾಲ್ವಿನ ಬೈಪಾಸ್ ಮರೆಯಬೇಡಿ. ಯಂತ್ರ ಕೆಟ್ಟರೂ ಮನೆಗೆ ನೀರು ಬರಬೇಕು.

ಕೈಯಿಂದ ನಡೆಸುವ ಮಲ್ಟಿಪೋರ್ಟ್ ವಾಲ್ವ್ ಆದರೆ ಕ್ರಮ ಹೀಗೆ. ಮೊದಲು ಹತ್ತು ನಿಮಿಷ ಕೆಳಗಿನಿಂದ ಮೇಲಕ್ಕೆ ನೀರು ಬಿಟ್ಟು ಕೊಳೆ ಹೊರಹಾಕುವುದು, ಹೊರಬರುವ ನೀರು ತಿಳಿಯಾಗುವತನಕ. 3.75 ಕಿಲೋ ಉಪ್ಪನ್ನು ಹಿಂದಿನ ರಾತ್ರಿಯೇ ಹತ್ತೂವರೆ-ಹನ್ನೊಂದು ಲೀಟರ್ ನೀರಿನಲ್ಲಿ ಕರಗಿಸಿಡಿ, ಇದಕ್ಕಿಂತ ಕಡಿಮೆ ನೀರಿನಲ್ಲಿ ಅಷ್ಟು ಉಪ್ಪು ಕರಗುವುದಿಲ್ಲ. ಅದನ್ನು 20-30 ನಿಮಿಷ ನಿಧಾನವಾಗಿ ಹೀರಿಸಿ. ಆತುರಪಟ್ಟು ಹತ್ತೇ ನಿಮಿಷದಲ್ಲಿ ಮುಗಿಸಿದರೆ ಅರ್ಧ ಉಪ್ಪು ಹಾಗೆಯೇ ಚರಂಡಿಗೆ ಹೋಗುತ್ತದೆ. ನಂತರ ಅಷ್ಟೇ ಹೊತ್ತು ನಿಧಾನದ ತೊಳೆತ, ಕೊನೆಗೆ ಉಪ್ಪಿನ ರುಚಿ ಹೋಗುವತನಕ ಜೋರಿನ ತೊಳೆತ. ಮುಗಿದ ಮೇಲೆ ಕಿಟ್‌ನಲ್ಲಿ ಅಳೆಯಿರಿ. ವಾರಕ್ಕೊಮ್ಮೆ ಅಳೆದು 50 ದಾಟಿದ ಕೂಡಲೇ ಉಪ್ಪು ಕೊಡಿ.

ಉಪ್ಪು ಯಾವುದು? ಸಾಫ್ಟ್‌ನರ್‌ಗೆಂದೇ ಮಾರುವ ಬಿಲ್ಲೆ ಒಳ್ಳೆಯದು. ಹರಳುಪ್ಪು ಅಗ್ಗ, ಆದರೆ ಅದರ ಮಣ್ಣು ಉಪ್ಪುನೀರು ಹೀರುವ ಇಂಜೆಕ್ಟರಿನ ಸಣ್ಣ ತೂತನ್ನು ಮುಚ್ಚುತ್ತದೆ. ಹರಳುಪ್ಪೇ ಬಳಸುವುದಾದರೆ ಬೇರೆ ಬಕೆಟಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಹಾಕಿ. ಟೇಬಲ್ ಉಪ್ಪಿನ ನಯವಾದ ಪುಡಿ ಡಬ್ಬದಲ್ಲಿ ಹೆಪ್ಪುಗಟ್ಟಿ ಕಮಾನಿನಂತೆ ನಿಲ್ಲುತ್ತದೆ. ಮೇಲೆ ಉಪ್ಪು ಕಾಣುತ್ತದೆ, ಕೆಳಗೆ ನೀರು ಸಪ್ಪೆ. ಕೋಲಿನಿಂದ ಚುಚ್ಚಿ ನೋಡಿ.

ಕಬ್ಬಿಣ ಲೀಟರಿಗೆ 0.3 ಮಿಲಿಗ್ರಾಂ ಮೀರಿದ ನೀರು ರೆಸಿನ್ನಿಗೆ ಕಂದು ಲೇಪ ಹಚ್ಚುತ್ತದೆ, ಮೊದಲು ಕಬ್ಬಿಣದ ಫಿಲ್ಟರ್ ಇರಲಿ. ನಲ್ಲಿಯಲ್ಲಿ ಹಳದಿ ಮಣಿ ಬಂದರೆ ಒಳಗಿನ ಜರಡಿ ಒಡೆದಿದೆ ಎಂದರ್ಥ. ತೊಳೆದು ಹೊರಬರುವ ಉಪ್ಪುನೀರನ್ನು ಇಂಗುಗುಂಡಿಗೋ ತೆಂಗಿನ ಬುಡಕ್ಕೋ ಬಿಡಬೇಡಿ. ಇಂಗಿಸಿದರೆ ನಾಳೆ ನಿಮ್ಮ ಬೋರ್‌ವೆಲ್ಲಿಗೇ ಬರುತ್ತದೆ. ಒಳಚರಂಡಿಗೆ ಹೋಗಲಿ.

ಕೆಲಸ ಮಾಡದವು, ಅರ್ಧ ಮಾಡುವವು

ಪಟಿಕ, ನುಗ್ಗೆ ಬೀಜ ಕೆಸರು ಇಳಿಸುತ್ತವೆ, ಗಡಸು ತೆಗೆಯಲು ಅವನ್ನು ನೆಚ್ಚಬೇಡಿ. ಪೈಪಿಗೆ ಸುತ್ತುವ ಅಯಸ್ಕಾಂತ, ತಂತಿಯ ಎಲೆಕ್ಟ್ರಾನಿಕ್ ಸಾಧನಗಳು ಗಡಸಿನ ಅಂಕಿಯನ್ನು ಬದಲಿಸುವುದಿಲ್ಲ. ಉಪ್ಪಿಲ್ಲದ ಸಾಫ್ಟ್‌ನರ್ ಎಂದು ಮಾರುವವುಗಳಲ್ಲಿ ಕೆಲವು ಸುಣ್ಣವನ್ನು ಅಂಟದ ಸಣ್ಣ ಹರಳಾಗಿಸುತ್ತವೆ, ಗೀಸರಿಗೆ ಅಷ್ಟಿಷ್ಟು ಉಪಯೋಗ, ಸೋಪಿಗೆ ಇಲ್ಲ. ಫಾಸ್ಫೇಟ್ ಚೆಂಡುಗಳ ಫಿಲ್ಟರಿನ ಕಥೆಯೂ ಹೀಗೆಯೇ. ಮನೆಗೆ ಬಂದು ನೀರಿಗೆ ಎರಡು ಕಡ್ಡಿ ಅದ್ದಿ ಕರೆಂಟ್ ಕೊಟ್ಟು ಕಂದು ಕೊಳೆ ಏಳಿಸಿ ತೋರಿಸುವವರನ್ನು ನಂಬಬೇಡಿ. ಆ ಕೊಳೆ ಬಹುಪಾಲು ಕಬ್ಬಿಣದ ಕಡ್ಡಿ ಕರಗಿದ್ದು. ಸಾಫ್ಟ್‌ನರ್ ಹಾಕಿಸಿದ ಮೇಲೆ ಟಿಡಿಎಸ್ ಇಳಿದಿಲ್ಲವೆಂದು ಜಗಳಕ್ಕೂ ಹೋಗಬೇಡಿ, ಅದು ಇಳಿಯುವುದೂ ಇಲ್ಲ.

ಮಳೆ ನೀರು ಬೆರೆಸುವುದು

ಇಷ್ಟೆಲ್ಲದರ ನಡುವೆ ಗಡಸೇ ಇಲ್ಲದ ನೀರು ಮಾಳಿಗೆ ಮೇಲೆ ಬೀಳುತ್ತದೆ. 100 ಚದರ ಮೀಟರ್ ಚಾವಣಿಗೆ ಒಂದು ಮಿಲಿಮೀಟರ್ ಮಳೆ ಎಂದರೆ 100 ಲೀಟರ್. 20 ಮಿಲಿಮೀಟರ್ ಮಳೆಗೆ ನಷ್ಟ ಕಳೆದು 1600 ಲೀಟರ್ ಸಿಗುತ್ತದೆ. 500 ಗಡಸಿನ ಬೋರ್ ನೀರಿಗೆ ಸಮಪಾಲು ಬೆರೆಸಿದರೆ ಗಡಸು 250ರ ಆಸುಪಾಸಿಗೆ ಇಳಿಯುತ್ತದೆ, ಉಪ್ಪಿನ ಖರ್ಚೂ ಅರ್ಧಕ್ಕೆ.

ಬೇಸಿಗೆಯ ನಂತರದ ಮೊದಲ ಮಳೆಯನ್ನು ಪೂರ್ತಿ ಹೊರಗೆ ಬಿಡಿ. ಆಮೇಲೆ ಪ್ರತಿ ಮಳೆಯ ಮೊದಲ 100-200 ಲೀಟರ್ ತಾನಾಗಿ ಬೇರೆ ಹೋಗುವಂತೆ ಇಳಿಪೈಪಿಗೆ ತಳದಲ್ಲಿ ಮುಚ್ಚಳವಿರುವ ಕವಲು ಕೊಡಿಸಿ. ಜಲ್ಲಿ, ಮರಳು, ಜಾಲರಿಯ ಫಿಲ್ಟರ್ ದಾಟಿದ ನೀರು ಸಂಪಿಗಿಂತ ಬೇರೆ ಟ್ಯಾಂಕಿಗೆ ಹೋದರೆ ಬೇಳೆಗೆ, ತಲೆಸ್ನಾನಕ್ಕೆ ಬೆರಕೆಯಿಲ್ಲದೆ ಸಿಗುತ್ತದೆ. ಬೇರೆ ಟ್ಯಾಂಕಿಗೆ ಜಾಗವಿಲ್ಲದಿದ್ದರೆ ಸಂಪಿಗೇ ಬಿಡಿ. ಆದರೆ ಮಳೆಯ ಸೂಚನೆ ಇರುವ ದಿನ ಬೋರ್ ಹಾಕಿ ಸಂಪ್ ತುಂಬಿಸಬೇಡಿ. ತುಂಬಿದ ಸಂಪಿಗೆ ಬಂದ ಮಳೆ ನೀರು ಉಕ್ಕಿ ರಸ್ತೆಗೆ ಹೋಗುತ್ತದೆ. ಟ್ಯಾಂಕಿಗೆ ಬೆಳಕು ಬೀಳದ ಮುಚ್ಚಳ, ಉಕ್ಕುವ ಪೈಪಿಗೆ ಸೊಳ್ಳೆ ಪರದೆ ಇರಲಿ. ಫಿಲ್ಟರಿನ ಮರಳನ್ನು ಮುಂಗಾರಿಗೆ ಮುಂಚೆ ಒಮ್ಮೆ, ಹಿಂಗಾರಿಗೆ ಮುಂಚೆ ಒಮ್ಮೆ ತೆಗೆದು ತೊಳೆದು ಒಣಗಿಸಿ ಹಾಕಬೇಕು.